ಫ್ರೆಂಡ್ಲಿ ಅಂತ ಹಾಕಿದ ಆ ಪೋಸ್ಟ್ ಇವತ್ತೇ ತೆಗೀರಿ

ಡೊಂಬಿವಲಿಯಿಂದ ಬಂದ ಪತ್ರ ಓದಿದ್ಮೇಲೆ ಉಳಿದಿದ್ದೆಲ್ಲ ಪಕ್ಕಕ್ಕಿಟ್ಟೆ, ಈ ವಾರ ಇದೊಂದಕ್ಕೇ ಉತ್ತರ.

ವಿಷಯ ಇಷ್ಟು. ಬರೆದವರು ರವಿವಾರ ರವಿವಾರ ಒಂದು ಪ್ರಾಣಿಗಳ ಶೆಲ್ಟರಿಗೆ ಹೋಗಿ ಕೆಲಸ ಮಾಡ್ಕೊಡ್ತಾರೆ. ಮುಂಬೈನ ಲಾಲ್‌ಬಾಗ್ ಕಡೆ ಹಳೇ ಚಾಳ್, ಅಂದ್ರೆ ವಠಾರ, ಒಂದನ್ನ ರೀಡೆವಲಪ್‌ಮೆಂಟಿಗೆ ಕೆಡವುವಾಗ ಸಿಕ್ಕಿದ ಕಪ್ಪು ಬಿಳಿ ಹೆಣ್ಣು ಬೆಕ್ಕು, ಎರಡು ವರ್ಷದ್ದಿರಬಹುದು, ಪಂಜರದ ಮೂಲೆ ಬಿಟ್ಟು ಕದಲ್ತಿರಲಿಲ್ವಂತೆ. ಇವರಿಗೆ ನೋಡಕ್ಕಾಗದೆ, ಮನೆ ಸಿಗೋ ತನಕ ಅಂತ ತಮ್ಮ ಒನ್ ಬಿಎಚ್‌ಕೆಗೆ ತಂದ್ರು, ಚಿನ್ನಿ ಅಂತ ಹೆಸರಿಟ್ರು. ಚಿನ್ನಿ ಈಗ ವಾಷಿಂಗ್ ಮಶೀನ್ ಹಿಂದೆ ಸಂಸಾರ ಹೂಡಿದ್ದಾಳೆ. ಇವಳಿಗೆ ಮನೆ ಬೇಕು ಅಂತ ಹಾಕಿದ ಪೋಸ್ಟ್ ಓದಿ ನೋಡೋಕೆ ಬಂದವರು ಬಂದ ಹಾಗೇ ಹೋದ್ರು, ಮುಲುಂಡಿನ ಒಂದು ಫ್ಯಾಮಿಲಿ ಮಾತ್ರ ತಗೊಂಡು ಹೋಗಿ ವಾರದೊಳಗೆ ತಂದು ಬಿಟ್ರು, ಅವರ ಮಗಳ ಕೈಗೆ ಪರಚಿದ್ಲಂತೆ. ಗಣಪತಿ ಹಬ್ಬಕ್ಕೆ ಕುಂದಾಪುರದಿಂದ ಅತ್ತೆ ಮಾವ ಬರೋದು ಬೇರೆ ಇದೆ. ಶೆಲ್ಟರಿನವರು ಜಾಗ ಇಲ್ಲ, ಎಲ್ಲಿಂದ ತಂದ್ವೋ ಅಲ್ಲೇ ಬಿಟ್ಬಿಡೋಣ ಅಂತಿದ್ದಾರೆ. ‘ನನ್ ಕೈಲಿ ಆಗ್ಲಿಲ್ಲ ಅಂತ ಒಪ್ಕೊಂಡು ವಾಪಸ್ ಕೊಡ್ಲಾ?’ ಅಂತ ಕೇಳ್ತಿದ್ದಾರೆ.

ಅಷ್ಟುದ್ದ ಪತ್ರದಲ್ಲಿ ಬೆಕ್ಕಿನ ಬಗ್ಗೆ, ಮುಲುಂಡಿನವರ ಬಗ್ಗೆ, ಸೊಸೈಟಿ ಸೆಕ್ರೆಟರಿ ಬಗ್ಗೆ ಎಲ್ಲ ಇದೆ. ನಡುವೆ ಎಲ್ಲೋ ಅರ್ಧ ಸಾಲು, ‘ಪೋಸ್ಟ್ ನನ್ ಮೈದುನ ಬರೆದಿದ್ದು, ತುಂಬಾ ಫ್ರೆಂಡ್ಲಿ, ಮಕ್ಕಳಂದ್ರೆ ಪ್ರಾಣ ಅಂತ ಹಾಕಿದ್ದಾನೆ, ಹಾಗೆ ಹಾಕದಿದ್ರೆ ಯಾರೂ ಫೋನೇ ಮಾಡಲ್ಲ ಅಂತಾನೆ.’ ಅಷ್ಟೇ ಹೇಳಿ ನೀವು ಮುಂದಕ್ಕೆ ಹೋಗಿಬಿಟ್ಟಿದ್ದೀರಿ, ನಾನು ಅಲ್ಲೇ ನಿಂತೆ.

ನಿಮ್ಮ ಕಷ್ಟ ಎಲ್ಲ ಹುಟ್ಟಿದ್ದು ಆ ಅರ್ಧ ಸಾಲಲ್ಲಿ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರಲ್ಲ, ನಿಮ್ಮ ಮೈದುನ ಮಾಡಿದ್ದು ಅದನ್ನೇ, ಆಮೇಲೆ ಆ ಮನೇಲಿ ಬಾಳಬೇಕಾದವಳು ಚಿನ್ನಿ. ಮಕ್ಕಳಂದ್ರೆ ಪ್ರಾಣ ಅಂತ ಓದಿದವರು ಮಗಳನ್ನ ಕರ್ಕೊಂಡೇ ಬರ್ತಾರೆ, ಆ ಮಗು ಕೈ ಚಾಚಿಯೇ ಚಾಚುತ್ತೆ. ಮುಲುಂಡಿನವರ ಮೇಲೆ ನಿಮಗೆ ಸಿಟ್ಟಿದೆ, ನನಗಿಲ್ಲ. ಅವರಿಗೆ ಒಂದು ಬೆಕ್ಕು ಹೇಳಿ ಇನ್ನೊಂದು ಬೆಕ್ಕು ಕೊಟ್ಟಿದ್ದೀರಿ, ಆದ್ರೂ ರಸ್ತೇಲಿ ಬಿಡದೆ ನಿಮ್ಮ ಮನೆಗೇ ತಂದು ಕೊಟ್ರಲ್ಲ, ಒಳ್ಳೇ ಜನ. ಹುಡುಗಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿದ್ರಾ ಅಂತ ಇವತ್ತೇ ಫೋನ್ ಮಾಡಿ ಕೇಳಿ, ಪರಚಿದ ಗಾಯನ ಸುಮ್ಮನೆ ಬಿಡೋ ಹಾಗಿಲ್ಲ.

ನಿಮ್ಮ ಮೇಲೂ ಒಂದು ಮಾತಿದೆ. ಯಾರಾದ್ರೂ ನೋಡೋಕೆ ಬಂದಾಗ ಮಶೀನ್ ಸರಿಸಿ ಟವೆಲ್ ಹಾಕಿ ಹಿಡಿದು ಹಾಲಿಗೆ ತಂದು ತೋರಿಸ್ತೀವಿ ಅಂತ ಬರೆದಿದ್ದೀರಿ. ಕಿವಿ ತಲೆಗೆ ಅಂಟಿಸ್ಕೊಂಡು, ಕಣ್ಣಿನ ಪಾಪೆ ದೊಡ್ಡದಾಗಿ ಮೈಯೆಲ್ಲ ಮುದುಡಿಕೊಂಡಿರೋ ಪ್ರಾಣಿನ ನೋಡಿ ಯಾರು ತಾನೇ ಇಷ್ಟಪಡ್ತಾರೆ? ಬೆಕ್ಕಿಗೆ ಅಡಗೋ ಜಾಗ ಔಷಧಿ ಇದ್ದ ಹಾಗೆ. 2014ರಲ್ಲಿ ನೆದರ್‌ಲ್ಯಾಂಡ್ಸಿನ ಒಂದು ಶೆಲ್ಟರಲ್ಲಿ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗೋಕೆ ಡಬ್ಬ ಕೊಟ್ಟು ಕೆಲವಕ್ಕೆ ಕೊಡದೆ ನೋಡಿದ್ರು, ಡಬ್ಬ ಸಿಕ್ಕಿದವು ಬೇಗ ಸುಧಾರಿಸ್ಕೊಂಡವು. ಚಿನ್ನಿಗೂ ಒಂದು ರಟ್ಟಿನ ಡಬ್ಬ ಇಟ್ಟು ಸುಮ್ಮನಿದ್ದುಬಿಡಿ, ನೋಡೋಕೆ ಬಂದವರಿಗೆ ಫೋನಲ್ಲಿ ವಿಡಿಯೋ ತೋರಿಸಿದ್ರೆ ಸಾಕು.

ಇನ್ನು ಶೆಲ್ಟರಿನವರ ಮಾತು. ಚಾಳೇ ಇಲ್ಲ, ಅನ್ನ ಹಾಕ್ತಿದ್ದ ಜನ ಒಬ್ಬೊಬ್ಬರು ಒಂದೊಂದು ಕಡೆ ಹೋಗಿದ್ದಾರೆ, ಇರೋದು ತಗಡಿನ ಬೇಲಿ ಮತ್ತು ಜೆಸಿಬಿ, ಅಲ್ಲಿ ಬಿಡೋದು ಅಂದ್ರೆ ಏನು? ಹಸಿವು ಬಾಯಾರಿಕೆಯಿಂದ ನರಳೋ ಹಾಗೆ ಪ್ರಾಣಿನ ಕೈಬಿಡೋದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ ಅಂತ ಅವರಿಗೆ ನೆನಪಿಸಿ. ಮರ್ಯಾದೆಯಿಂದಲೇ ಹೇಳಿ, ಜಾಗ ಇಲ್ಲದ ಕಷ್ಟ ಅವರಿಗೆ ನಿಜವಾಗ್ಲೂ ಇದೆ.

ಚಿನ್ನಿ ಬದಲಾಗ್ತಾಳಾ ಅಂತ ಕೇಳಿದ್ದೀರಿ. ಮರಿ ಹುಟ್ಟಿ 2ರಿಂದ 7 ವಾರದೊಳಗೆ ಮನುಷ್ಯರ ಕೈಗೆ ಒಗ್ಗಿದ್ರೆ ಆ ಬೆಕ್ಕಿಗೆ ಜನ ಅಂದ್ರೆ ಸಲೀಸು, ಆ ಕಾಲ ತಪ್ಪಿಹೋದ್ರೆ ಆಮೇಲೆ ಬಹಳ ನಿಧಾನ. ಮಡಿಲಲ್ಲಿ ಬಂದು ಮಲಗೋ ಬೆಕ್ಕು ಅವಳು ಆಗದೇ ಇರಬಹುದು. ಆದ್ರೆ ರಾತ್ರಿ ಲೈಟ್ ಆರಿಸಿದ್ಮೇಲೆ ಹೊರಗೆ ಬಂದು, ಬೇಯಿಸಿಟ್ಟ ಬೂತಾಯಿ ತಿಂದು, ತಟ್ಟೆ ನೆಕ್ಕಿ, ಅಡುಗೆಮನೆ ಹೊಸ್ತಿಲ ಮೇಲೆ ಕೂತು ಪಂಜದಿಂದ ಮೀಸೆ ಒರೆಸ್ಕೋತಾಳೆ ಅಂತ ನೀವೇ ಬರೆದಿದ್ದೀರಲ್ಲ, ನೀವು ನೀರು ಕುಡಿಯೋಕೆ ಎದ್ದು ಹೋದ್ರೂ ಓಡಲ್ವಂತೆ. ಇಷ್ಟು ಚಂದದ ವಿಷಯ ಪೋಸ್ಟಲ್ಲಿ ಯಾಕೆ ಇಲ್ಲ?

ಹಾಗಾಗಿ ಮಾಡಬೇಕಾದ್ದು ಒಂದೇ. ಮೈದುನನ ಪೋಸ್ಟ್ ಇವತ್ತು ರಾತ್ರಿ ಊಟಕ್ಕೆ ಮುಂಚೆ ಡಿಲೀಟ್ ಮಾಡಿಸಿ, ಹೊಸದು ನೀವೇ ಬರೀರಿ, ಇದ್ದದ್ದು ಇದ್ದ ಹಾಗೆ. ‘ಚಿನ್ನಿ, ಸುಮಾರು ಎರಡು ವರ್ಷ, ಮರಿ ಆಗದ ಹಾಗೆ ಆಪರೇಷನ್ ಆಗಿದೆ, ಗುರುತಿಗೆ ಕಿವಿ ತುದಿ ಕತ್ತರಿಸಿದ್ದಾರೆ. ಜನ ಕಂಡ್ರೆ ಹೆದರ್ತಾಳೆ. ಎತ್ಕೊಳ್ಳೋಕೆ ಬಿಡಲ್ಲ, ಮುಂದೆಯೂ ಬಿಡದಿರಬಹುದು. ಚಿಕ್ಕ ಮಕ್ಕಳ ಮನೆ ಬೇಡ. ಮೊದಲು ಒಂದೇ ರೂಮಲ್ಲಿಡಬೇಕು, ಕಿಟಕಿಗೆ ಗಟ್ಟಿ ಜಾಳಿ ಬೇಕು. ರಾತ್ರಿ ಬಂದು ಮೀನು ತಿಂದು ಹೊಸ್ತಿಲ ಮೇಲೆ ಕೂತಿರ್ತಾಳೆ.’ ಹೊಸ್ತಿಲ ಮೇಲೆ ಕೂತ ಫೋಟೋನೇ ಹಾಕಿ, ಮಬ್ಬಾಗಿದ್ರೂ ಪರವಾಗಿಲ್ಲ.

ಫೋನ್ ಕಮ್ಮಿ ಬರುತ್ತೆ, ಬರಲಿ. ರಿಟೈರ್ ಆದ ದಂಪತಿ, ಒಬ್ಬರೇ ಇರೋ ನರ್ಸು, ನೈಟ್ ಶಿಫ್ಟ್ ಮುಗಿಸಿ ಬಂದು ಹಗಲೆಲ್ಲ ಮಲಗೋ ಹುಡುಗ, ಇಂಥವರು ಈ ಊರಲ್ಲಿ ಎಷ್ಟೋ ಜನ ಇದ್ದಾರೆ, ಅವರಿಗೆ ಮೈಮೇಲೆ ಬೀಳೋ ಪ್ರಾಣಿ ಬೇಕಿಲ್ಲ, ಮನೇಲಿ ಇನ್ನೊಂದು ಜೀವ ಇದ್ರೆ ಸಾಕು. ಶಾಂತವಾದ ಮನೆಗೆ ಹೆದರೋ ಬೆಕ್ಕೇ ಸರಿ ಅಂತ ನಾನು ಇಲ್ಲಿ ಮೊದಲೂ ಬರೆದಿದ್ದೀನಿ, ಎಷ್ಟು ಸಲ ಬೇಕಾದ್ರೂ ಬರೀತೀನಿ. ಬಂದವರು ನೆಲದ ಮೇಲೆ ಕೂತು, ಅವಳ ಕಡೆ ದಿಟ್ಟಿಸದೆ ನಿಧಾನ ಕಣ್ಣು ಮುಚ್ಚಿ ತೆಗೀಲಿ. ಬೆಕ್ಕುಗಳು ಇದಕ್ಕೆ ತಾವೂ ಕಣ್ಣು ಮುಚ್ಚಿ ತೆಗೆದು ಉತ್ತರ ಕೊಡ್ತಾವೆ ಅಂತ ಸಸೆಕ್ಸ್ ಯೂನಿವರ್ಸಿಟಿಯವರು 2020ರಲ್ಲಿ ತೋರಿಸಿದ್ದಾರೆ. ಅಷ್ಟು ಹೊತ್ತು ಕೂರೋಕೆ ತಾಳ್ಮೆ ಇಲ್ಲದವರಿಗೆ ಕೊಡ್ಲೇಬೇಡಿ.

ಹಬ್ಬದ ಹೊತ್ತಲ್ಲಂತೂ ಯಾರಿಗೂ ಕೊಡಬೇಡಿ. ಢೋಲು ತಾಶಾ ಪಟಾಕಿ ಗಲಾಟೆ ನಡುವೆ ಹೊಸ ಮನೆಗೆ ಹೋದ ಬೆಕ್ಕು ಕಿಟಕಿಯಿಂದ ಹಾರಿದ್ರೆ ಮತ್ತೆ ಸಿಗಲ್ಲ, ಅನಂತ ಚತುರ್ದಶಿ ಕಳೀಲಿ. ಅಲ್ಲಿ ತನಕ ಅತ್ತೆ ಮಾವ ಹಾಲಲ್ಲಿ ಮಲಗ್ತಾರೆ, ಚಿನ್ನಿ ಡಬ್ಬ ಬೆಡ್‌ರೂಮಲ್ಲಿರಲಿ, ಬಾಗಿಲು ಹಾಕಿರಿ, ಜಾಗ ಬದಲಾಯಿಸಿದ್ದಕ್ಕೆ ಎರಡು ದಿನ ಏನೂ ಮುಟ್ಟದಿದ್ರೆ ಮಾತ್ರ ಕಾಯದೆ ಡಾಕ್ಟರಿಗೆ ತೋರಿಸಿ, ಉಪವಾಸ ಇದ್ರೆ ಬೆಕ್ಕಿಗೆ ಲಿವರ್ ಕೆಡುತ್ತೆ. ಅತ್ತೆಗೆ ವಿಷಯ ಮೊದಲೇ ಹೇಳಿಡಿ, ಬಂದು ಬಾಗಿಲು ತೆಗೆದ್ಮೇಲೆ ಗೊತ್ತಾಗೋದು ಬೇಡ.