ಇಂಗ್ಲೆಂಡಿನಲ್ಲಿ ಬೀದಿಯಲ್ಲಿ ಬಿಯರ್ ಕುಡಿದದ್ದಕ್ಕೆ ಕೌನ್ಸಿಲ್‌ನವರು (ಅಲ್ಲಿನ ಸ್ಥಳೀಯ ಆಡಳಿತದವರು) 100 ಪೌಂಡ್ ದಂಡ ಹಾಕಿದ್ದಾರೆ. ಅವರಿಗೆ ಆ ಅಧಿಕಾರ ಇದೆಯಾ?

ಅಧಿಕಾರ ಇದೆ. ಆದರೆ ನಿಮ್ಮ ವಿಷಯದಲ್ಲಿ ಅದನ್ನು ಸರಿಯಾಗಿ ಬಳಸಿದ್ದಾರೆ ಅಂತ ನನಗೆ ಅನ್ನಿಸುತ್ತಿಲ್ಲ. ನೀವು ಬರೆದಿರೋದು ಇಷ್ಟು: ಓದಲು ಬಂದು ಎರಡು ತಿಂಗಳಾಗಿದೆ, ಟೌನ್ ಸೆಂಟರಿನ ಬೆಂಚಿನ ಮೇಲೆ ಗೆಳೆಯನ ಜೊತೆ ಕೂತು ಬಿಯರ್ ಕುಡಿಯುತ್ತಿದ್ದಿರಿ, ಯೂನಿಫಾರ್ಮ್ ಹಾಕಿಕೊಂಡ ಒಬ್ಬರು ಬಂದು ಮಾತೇ ಆಡದೆ ದಂಡದ ಚೀಟಿ ಕೊಟ್ಟರು, ಅವರು ಪೊಲೀಸರಲ್ಲ.

ಪೊಲೀಸರೇ ಆಗಬೇಕಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 2014ರಲ್ಲಿ ಒಂದು ಕಾಯ್ದೆ ಬಂತು. ಅದರ ಪ್ರಕಾರ ಕೌನ್ಸಿಲ್ ಒಂದು ಜಾಗದ ಸುತ್ತ ಗೆರೆ ಎಳೆದು, 'ಈ ಗೆರೆಯೊಳಗೆ ಇಂಥದ್ದು ಮಾಡಬಾರದು' ಅಂತ ಆದೇಶ ಹೊರಡಿಸಬಹುದು. ಅದಕ್ಕೆ ಪಬ್ಲಿಕ್ ಸ್ಪೇಸಸ್ ಪ್ರೊಟೆಕ್ಷನ್ ಆರ್ಡರ್ ಅಂತ ಹೆಸರು, ಎಲ್ಲರೂ ಪಿಎಸ್‌ಪಿಒ ಅಂತಾರೆ. ಜಾರಿ ಮಾಡೋದಕ್ಕೆ ಕೌನ್ಸಿಲ್ ತನ್ನ ಸಿಬ್ಬಂದಿಗೂ ಅಧಿಕಾರ ಕೊಡಬಹುದು, ಖಾಸಗಿ ಕಂಪನಿಯವರಿಗೂ ಕೊಡಬಹುದು. ಒಂದು ಆದೇಶದ ಆಯುಸ್ಸು ಹೆಚ್ಚೆಂದರೆ 3 ವರ್ಷ. ಆಮೇಲೆ ಬೇಕಾದರೆ ಮುಂದುವರಿಸಬೇಕು.

ಸುಮ್ನೆ ಮನಸ್ಸಿಗೆ ಬಂದದ್ದನ್ನೆಲ್ಲ ನಿಷೇಧಿಸೋ ಹಾಗಿಲ್ಲ. ಆ ಕೆಲಸದಿಂದ ಅಲ್ಲಿನ ಜನರ ಬದುಕಿಗೆ ತೊಂದರೆ ಆಗುತ್ತಿರಬೇಕು, ಅದು ಪದೇ ಪದೇ ಆಗುವಂಥದ್ದಾಗಿರಬೇಕು. ಆದರೂ ಇದನ್ನು ಎಲ್ಲೆಲ್ಲೋ ಎಳೆದಿದ್ದಾರೆ. ಸ್ಯಾಲ್ಫರ್ಡ್‌ನ ಕೌನ್ಸಿಲ್ ಒಂದು ಜಾಗದಲ್ಲಿ ಕೆಟ್ಟ ಮಾತು ಆಡೋದನ್ನೇ ನಿಷೇಧಿಸಿತ್ತು! ಲಂಡನ್ನಿನ ರಿಚ್‌ಮಂಡ್‌ನಲ್ಲಿ ಒಬ್ಬರು ನಾಲ್ಕಕ್ಕಿಂತ ಜಾಸ್ತಿ ನಾಯಿ ಕರೆದುಕೊಂಡು ಓಡಾಡುವಂತಿಲ್ಲ ಅಂತ ಮಾಡಿದರು. ಅದು ಹೈಕೋರ್ಟಿಗೆ ಹೋಯಿತು, 2018ರಲ್ಲಿ ಕೋರ್ಟು ಆ ನಾಲ್ಕರ ಮಿತಿಯನ್ನು ಒಪ್ಪಿತು. ಅದೇ ವರ್ಷ ಈಲಿಂಗ್‌ನಲ್ಲಿ ಗರ್ಭಪಾತದ ಕ್ಲಿನಿಕ್ ಮುಂದೆ ಹೆಂಗಸರನ್ನು ತಡೆದು ಮಾತಾಡಿಸುವವರನ್ನು ದೂರ ಇಡೋದಕ್ಕೂ ಇದೇ ಆದೇಶ ಬಳಸಿದರು. ಅದು ಒಳ್ಳೆಯ ಬಳಕೆ ಅಂತ ನನ್ನ ಅಭಿಪ್ರಾಯ. ಬೆಂಚಿನ ಮೇಲೆ ತಣ್ಣಗೆ ಕೂತವರ ಹಿಂದೆ ಬೀಳೋದು ಅಲ್ಲ.

ಈಗ ನಿಮ್ಮ ಬಿಯರ್ ವಿಷಯ. ಮದ್ಯಕ್ಕೆ ಮಾತ್ರ ಈ ಕಾಯ್ದೆಯಲ್ಲಿ ಬೇರೆ ನಿಯಮ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಗೆರೆಯೊಳಗೆ ಕುಡಿದದ್ದೇ ಅಪರಾಧ ಅಲ್ಲ. 'ಕುಡಿಯೋದು ನಿಲ್ಲಿಸಿ' ಅಥವಾ 'ಕ್ಯಾನ್ ಕೊಡಿ' ಅಂತ ಅವರು ಹೇಳಬೇಕು. ಕೇಳದಿದ್ದರೆ ಅಪರಾಧ ಆಗುತ್ತದೆ ಅಂತಲೂ ತಿಳಿಸಬೇಕು. ಅಷ್ಟಾದ ಮೇಲೂ ನೀವು ಸರಿಯಾದ ಕಾರಣ ಇಲ್ಲದೆ ಒಪ್ಪದಿದ್ದರೆ ಮಾತ್ರ ಅಪರಾಧ. ಬಂದವರು ಕೌನ್ಸಿಲ್ ಕಡೆಯವರಾದರೆ, ಅಧಿಕಾರ ಪತ್ರ ತೋರಿಸಿ ಅಂತ ನೀವು ಕೇಳಬಹುದು. ತೋರಿಸದಿದ್ದರೆ ಅವರ ಮಾತಿಗೆ ಬೆಲೆ ಇಲ್ಲ. ನಿಮಗೆ ಯಾರೂ ಮೊದಲು ನಿಲ್ಲಿಸಿ ಅಂತ ಹೇಳಲೇ ಇಲ್ಲ, ಅಲ್ವಾ? ಹಾಗಾದರೆ ದಂಡ ಯಾವುದಕ್ಕೆ?

ನಾನು ವಕೀಲನಲ್ಲ. ನನಗೂ ಒಮ್ಮೆ ಇಂಥ ಚೀಟಿ ಬಂದಿದ್ದರಿಂದ ಇದನ್ನೆಲ್ಲ ಓದಿಕೊಂಡೆ. ಅಂಗಡಿ ಬೀದಿಯಲ್ಲಿ ಸೈಕಲ್ ಓಡಿಸಿದ್ದೆ. ಮನೆಗೆ ಬಂದು ಕೌನ್ಸಿಲ್ ವೆಬ್‌ಸೈಟಿನಲ್ಲಿ ಮೂಲ ಆದೇಶ ತೆಗೆದು ನೋಡಿದರೆ, ನಿಷೇಧ ಇರೋದು ಬೆಳಗ್ಗೆ 10ರಿಂದ. ಚೀಟಿಯ ಮೇಲೆ ಆ ಮನುಷ್ಯ ತನ್ನ ಕೈಯಾರೆ 9:40 ಅಂತ ಬರೆದಿದ್ದ. ಎರಡರ ಫೋಟೋ ಇಟ್ಟು ನಾಲ್ಕು ಸಾಲಿನ ಇಮೇಲ್ ಹಾಕಿದೆ. ಹತ್ತು ದಿನಕ್ಕೆ ಚೀಟಿ ವಾಪಸ್ ತೆಗೆದುಕೊಂಡರು. ಸಾರಿ ಅಂತ ಮಾತ್ರ ಹೇಳಲಿಲ್ಲ, ಅದು ಬಿಡಿ.

ನೀವೂ ಹಾಗೇ ಮಾಡಿ. ಬೋರ್ಡ್ ನೋಡಿ ತೀರ್ಮಾನ ಮಾಡಬೇಡಿ, ಮೂಲ ಆದೇಶವನ್ನೂ ಅದರ ಜೊತೆಗಿರುವ ನಕ್ಷೆಯನ್ನೂ ತೆಗೆಯಿರಿ. ವೆಬ್‌ಸೈಟಿನಲ್ಲಿ ಹಾಕಲೇಬೇಕು ಅಂತ ನಿಯಮ ಇದೆ. ಚೀಟಿ ಕೊಟ್ಟ ದಿನದಿಂದ 14 ದಿನ ಅವರು ಕೇಸು ಹಾಕುವಂತಿಲ್ಲ. ಅಷ್ಟರೊಳಗೆ ಕಟ್ಟಿದರೆ ವಿಷಯ ಅಲ್ಲಿಗೇ ಮುಗಿಯುತ್ತದೆ, ಕೋರ್ಟಿನ ಶಿಕ್ಷೆ ಅಂತ ದಾಖಲಾಗೋದಿಲ್ಲ. ಇದಕ್ಕೆ ಪಾರ್ಕಿಂಗ್ ದಂಡಕ್ಕಿರುವ ಹಾಗೆ ಮೇಲ್ಮನವಿ ಇಲ್ಲ. ಕಟ್ಟೋದಿಲ್ಲ ಅಂದರೆ ಅವರು ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಬಹುದು, ನೀವು ಅಲ್ಲಿ ವಾದಿಸಬೇಕು. ಸೋತರೆ ಮದ್ಯದ ವಿಷಯದಲ್ಲಿ 500 ಪೌಂಡ್ ತನಕ ದಂಡ, ಮೇಲೆ ಖರ್ಚು. ಅದಕ್ಕೇ ಮೊದಲು ಕೌನ್ಸಿಲ್‌ಗೆ ಇಮೇಲ್ ಬರೆಯಿರಿ. ಜಗಳದ ಮಾತು ಬೇಡ. 'ನನಗೆ ನಿಲ್ಲಿಸಿ ಅಂತ ಯಾರು, ಎಷ್ಟು ಹೊತ್ತಿಗೆ ಹೇಳಿದರು?' ಅಂತ ಮಾತ್ರ ಕೇಳಿ. ಗೆಳೆಯ ಪಕ್ಕದಲ್ಲೇ ಇದ್ದರಲ್ಲ, ನಡೆದದ್ದನ್ನು ಅವರೂ ಇವತ್ತೇ ಬರೆದಿಡಲಿ. ಚೀಟಿ ಎಸೆದು ಸುಮ್ಮನಿರೋದು ಮಾತ್ರ ಬೇಡ.

ನಕ್ಷೆ ಸಿಕ್ಕರೆ ಕಾಮೆಂಟಿನಲ್ಲಿ ಹಾಕಿ. ನಿಮ್ಮ ಬೆಂಚು ಗೆರೆಯ ಒಳಗಿತ್ತಾ ಅನ್ನೋದನ್ನೇ ಮೊದಲು ನೋಡೋಣ.