ಅಮೆರಿಕದ ಮಿನ್ನೆಸೋಟದಂತಹ ಚಳಿಯ ರಾಜ್ಯದಲ್ಲಿ ಮನೆಯ ಫರ್ನೇಸನ್ನು (ಗ್ಯಾಸ್ ಉರಿಸಿ ಕೋಣೆಗಳಿಗೆ ಬಿಸಿಗಾಳಿ ಕಳಿಸುವ ಯಂತ್ರವನ್ನು) ಪ್ರತಿವರ್ಷ ಏಕೆ ತಪಾಸಣೆ ಮಾಡಿಸಬೇಕು?

ಮಿನ್ನೆಸೋಟದಲ್ಲಿ ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ ಸೊನ್ನೆಗಿಂತ 25 ಡಿಗ್ರಿ ಸೆಲ್ಸಿಯಸ್ ಕೆಳಗಿಳಿಯುವುದುಂಟು; ಅಂಥ ಹೊತ್ತಿನಲ್ಲಿ ಫರ್ನೇಸ್ ನಿಂತುಹೋದರೆ ಗೋಡೆಯೊಳಗಿನ ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿ, ಕೊಳವೆಯೇ ಸೀಳಿಹೋಗಬಹುದು. ನನ್ನ ದೃಷ್ಟಿಯಲ್ಲಿ ಇದಕ್ಕಿಂತ ಗಂಭೀರವಾದ ಕಾರಣ ಕಾರ್ಬನ್ ಮಾನಾಕ್ಸೈಡ್. ಗ್ಯಾಸಿನ ಉರಿಯನ್ನೂ ಕೋಣೆಗಳಿಗೆ ಹೋಗುವ ಗಾಳಿಯನ್ನೂ ಬೇರ್ಪಡಿಸುವ ಲೋಹದ ಹೀಟ್ ಎಕ್ಸ್‌ಚೇಂಜರ್ ವರ್ಷಗಟ್ಟಲೆ ಕಾಯುತ್ತ, ತಣಿಯುತ್ತ ಕೊನೆಗೆ ಬಿರುಕು ಬಿಟ್ಟರೆ, ಅಥವಾ ಹೊಗೆ ಹೊರಹೋಗುವ ಕೊಳವೆಯ ಬಾಯಿ ಹಿಮದಿಂದ ಮುಚ್ಚಿಕೊಂಡರೆ, ಬಣ್ಣವೂ ವಾಸನೆಯೂ ಇಲ್ಲದ ಈ ವಿಷಾನಿಲ ಮಲಗಿರುವವರ ಕೋಣೆಯನ್ನು ಸೇರಬಹುದು. ಧೂಳು ತುಂಬಿದ ಫಿಲ್ಟರ್ ಗಾಳಿಯನ್ನು ತಡೆದು ಆ ಲೋಹವನ್ನು ಮಿತಿಮೀರಿ ಕಾಯಿಸುವುದರಿಂದ, ಅದನ್ನು 1ರಿಂದ 3 ತಿಂಗಳಿಗೊಮ್ಮೆ ತಪ್ಪದೆ ಬದಲಿಸಿರಿ. ನೀಲಿಯಾಗಿರಬೇಕಾದ ಉರಿ ಹಳದಿಯಾಗಿ ತೂಗಾಡುತ್ತಿದ್ದರೆ ಫರ್ನೇಸನ್ನು ಆರಿಸಿ, ಕೂಡಲೇ ತಂತ್ರಜ್ಞರನ್ನು ಕರೆಸಿರಿ. ಮಲಗುವ ಕೋಣೆಯಿಂದ 10 ಅಡಿಯೊಳಗೆ ಕಾರ್ಬನ್ ಮಾನಾಕ್ಸೈಡ್ ಅಲಾರಂ ಇರಬೇಕೆಂಬುದು ಅಲ್ಲಿನ ಕಾನೂನು ಕೂಡ ಹೌದು.