ಅಮೆರಿಕದಲ್ಲಿ ಫಾರ್ಮಸಿಯೊಳಗೇ ಕ್ಲಿನಿಕ್ ಇರುವಾಗ ಬೇರೆ ಡಾಕ್ಟರ್ ಬೇಕಾ?

ಬೇಕು. ಹಾಗಂತ ಆ ಕ್ಲಿನಿಕ್ ಬಿಡಬೇಕಾಗಿಯೂ ಇಲ್ಲ.

ವಯಸ್ಸು 34, ಕಂಪನಿಯ ಇನ್ಶೂರೆನ್ಸ್ ಇದೆ, ಕಾಯಿಲೆ ಏನೂ ಇಲ್ಲ, ಮನೆ ಪಕ್ಕದ ಸಿವಿಎಸ್ ಫಾರ್ಮಸಿಯಲ್ಲೇ ಅವರ ಮಿನಿಟ್‌ಕ್ಲಿನಿಕ್ ಇದೆ, ಮತ್ತೆ ಪ್ರೈಮರಿ ಕೇರ್ ಡಾಕ್ಟರ್ (ನಮ್ಮ ಆರೋಗ್ಯವನ್ನು ಕಾಯಂ ನೋಡಿಕೊಳ್ಳುವ ಡಾಕ್ಟರ್) ಯಾಕೆ ಅಂತ ಕೇಳಿದ್ದೀರಿ. ನಾನು ಬಹಳ ವರ್ಷಗಳಿಂದ ನ್ಯೂಜೆರ್ಸಿಯಲ್ಲಿದ್ದೇನೆ. ನಮ್ಮ ಮನೆಯಲ್ಲಿ ಎರಡನ್ನೂ ಬಳಸುತ್ತೇವೆ.

ಈ ಕ್ಲಿನಿಕ್‌ಗಳು ಹುಟ್ಟಿದ್ದೇ ಸಣ್ಣಪುಟ್ಟ ತೊಂದರೆಗಳಿಗಾಗಿ. 2000ದಲ್ಲಿ ಮಿನಿಯಾಪೊಲಿಸ್ ಕಡೆ ದಿನಸಿ ಅಂಗಡಿಗಳೊಳಗೆ ಕ್ವಿಕ್‌ಮೆಡ್‌ಎಕ್ಸ್ ಅನ್ನೋ ಹೆಸರಲ್ಲಿ ಶುರುವಾದದ್ದೇ ಆಮೇಲೆ ಮಿನಿಟ್‌ಕ್ಲಿನಿಕ್ ಆಯಿತು. 2006ರಲ್ಲಿ ಸಿವಿಎಸ್ ಅದನ್ನು ಕೊಂಡುಕೊಂಡಿತು. ಗಂಟಲು ನೋವು, ಕಿವಿ ನೋವು, ಉರಿಮೂತ್ರ, ಕಣ್ಣು ಕೆಂಪಾಗಿ ಪಿಸುರು ಬರೋದು, ಫ್ಲೂ ಲಸಿಕೆ, ಇಂಥದ್ದಕ್ಕೆಲ್ಲ ಧಾರಾಳವಾಗಿ ಹೋಗಿ. ಸಂಜೆ ಮತ್ತು ವಾರದ ಕೊನೆಯಲ್ಲೂ ತೆರೆದಿರುತ್ತವೆ. ನೋಡುವವರು ನರ್ಸ್ ಪ್ರಾಕ್ಟೀಷನರ್ ಅಥವಾ ಫಿಸಿಷಿಯನ್ ಅಸಿಸ್ಟೆಂಟ್. ಡಾಕ್ಟರ್ ಅಲ್ಲವಲ್ಲ ಅಂತ ಹಗುರವಾಗಿ ನೋಡಬೇಡಿ, ಇದಕ್ಕೇ ಓದಿ ಬಂದವರು, ಔಷಧಿ ಬರೆದುಕೊಡುತ್ತಾರೆ. ಗಂಟಲಿಗೆ ಸ್ಟ್ರೆಪ್ ಟೆಸ್ಟ್ (ಸ್ಟ್ರೆಪ್ ಬ್ಯಾಕ್ಟೀರಿಯಾ ಸೋಂಕು ಇದೆಯಾ ಅಂತ ನೋಡುವ ಪರೀಕ್ಷೆ) ಮಾಡಿ ಕೆಲವೇ ನಿಮಿಷದಲ್ಲಿ ಫಲಿತಾಂಶ ಹೇಳುತ್ತಾರೆ. ನೆಗೆಟಿವ್ ಬಂದರೆ ಆಂಟಿಬಯೋಟಿಕ್ ಕೊಡಿ ಅಂತ ಹಟ ಹಿಡಿಯಬೇಡಿ. ಊರಲ್ಲಿ ಮೆಡಿಕಲ್ ಶಾಪ್‌ಗೆ ಹೋಗಿ ಕೇಳಿದ ಮಾತ್ರೆ ತಂದು ನುಂಗಿದ ನಮಗೆ ಇದು ಸ್ವಲ್ಪ ಕಷ್ಟವೇ, ಅಲ್ವಾ?

ಎದೆನೋವು, ಉಸಿರಾಟದ ತೊಂದರೆ ಇದ್ದರೆ ಈ ಕ್ಲಿನಿಕ್‌ಗೂ ಬೇಡ, ಅರ್ಜೆಂಟ್ ಕೇರ್‌ಗೂ (ತುರ್ತಾದರೂ ಪ್ರಾಣಾಪಾಯವಲ್ಲದ ತೊಂದರೆ ನೋಡುವ ಕ್ಲಿನಿಕ್) ಬೇಡ. ನೇರ 911ಕ್ಕೆ, ಅಂದರೆ ಎಮರ್ಜೆನ್ಸಿ ನಂಬರಿಗೆ, ಫೋನ್ ಮಾಡಿ.

ಈಗ ನಿಮ್ಮ ಅಸಲಿ ಪ್ರಶ್ನೆ. ಕ್ಲಿನಿಕ್‌ನವರು ಅವತ್ತಿನ ತೊಂದರೆ ನೋಡುತ್ತಾರೆ. ನಿಮ್ಮನ್ನು ವರ್ಷಗಟ್ಟಲೆ ಗಮನಿಸುವ ಜವಾಬ್ದಾರಿ ಸಾಮಾನ್ಯವಾಗಿ ಅವರದ್ದಲ್ಲ. ನನ್ನ ಸ್ನೇಹಿತರೊಬ್ಬರು ಕೆಮ್ಮು, ಅಲರ್ಜಿ ಅಂತ ಬೇರೆ ಬೇರೆ ಕಡೆ ಹೋಗುತ್ತಿದ್ದರು. ಹೋದಾಗಲೆಲ್ಲ ಬಿಪಿ ಸ್ವಲ್ಪ ಜಾಸ್ತಿ ಇರುತ್ತಿತ್ತು. ಪ್ರತಿ ಸಲವೂ 'ನಿಮ್ಮ ಡಾಕ್ಟರ್‌ಗೆ ತೋರಿಸಿ' ಅಂದರು. ಸರಿಯಾದ ಮಾತೇ. ಆದರೆ ಇವರಿಗೆ ಡಾಕ್ಟರೇ ಇರಲಿಲ್ಲ! ಕಡೆಗೆ ಒಬ್ಬರನ್ನು ಹಿಡಿದಾಗ ಅವರು ಹಳೆಯ ಕಾಗದಗಳನ್ನೆಲ್ಲ ಒಟ್ಟಿಗೆ ನೋಡಿ, ಮನೆಯಲ್ಲೂ ಅಳೆಯಲು ಹೇಳಿ, ಮಾತ್ರೆ ಶುರು ಮಾಡಿದರು.

ನಮ್ಮವರಿಗೆ ಇದು ಇನ್ನೂ ಮುಖ್ಯ. 2018ರ ಅಮೆರಿಕನ್ ಕೊಲೆಸ್ಟರಾಲ್ ಮಾರ್ಗಸೂಚಿ ದಕ್ಷಿಣ ಏಷ್ಯಾ ಮೂಲವನ್ನೇ ಹೃದ್ರೋಗದ ಅಪಾಯ ಹೆಚ್ಚಿಸುವ ಅಂಶಗಳಲ್ಲಿ ಸೇರಿಸಿದೆ. ಸಕ್ಕರೆ ಕಾಯಿಲೆಗೂ ಅಷ್ಟೇ. ತೂಕ ಜಾಸ್ತಿ ಅನ್ನೋದಕ್ಕೆ ಉಳಿದವರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಗೆರೆಯಾದರೆ, ಏಷ್ಯಾ ಮೂಲದವರಿಗೆ 23ರಿಂದಲೇ ಗಮನ ಕೊಡಿ ಅನ್ನುತ್ತದೆ ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್. 35 ತುಂಬಿದವರೆಲ್ಲ ಪರೀಕ್ಷೆ ಶುರು ಮಾಡಬೇಕು ಅಂತಲೂ ಹೇಳುತ್ತದೆ. ನಿಮಗೆ ಇನ್ನೊಂದೇ ವರ್ಷ. ಅಪ್ಪ ಅಮ್ಮನಿಗೆ ಶುಗರ್ ಇದೆಯಾ, ಚಿಕ್ಕಪ್ಪನಿಗೆ ಸ್ಟೆಂಟ್ ಹಾಕಿದ್ದು ಯಾವ ವಯಸ್ಸಲ್ಲಿ, ಇದೆಲ್ಲ ಕೇಳಿ ಬರೆದಿಟ್ಟುಕೊಳ್ಳುವ ಒಬ್ಬರು ಇರಬೇಕು.

ಮಕ್ಕಳಿದ್ದರೆ ಪೀಡಿಯಾಟ್ರಿಷಿಯನ್, ಅಂದರೆ ಮಕ್ಕಳ ಡಾಕ್ಟರ್, ಬೇಕೇ ಬೇಕು. ಮಕ್ಕಳಿಗೆ ಇಂಥ ರೀಟೇಲ್ (ಅಂಗಡಿಯೊಳಗಿನ) ಕ್ಲಿನಿಕ್ಕೇ ಮುಖ್ಯ ಡಾಕ್ಟರ್ ಆಗಬಾರದು ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2014ರಲ್ಲೂ ಹೇಳಿದೆ.

ಇನ್ನೊಂದು ಮಾತು. ಇವೆಲ್ಲ ಕಡೆಗೂ ಅಂಗಡಿಗಳೇ. 2019ರಲ್ಲಿ ಜಾರ್ಜಿಯಾದಲ್ಲಿ ಶುರುವಾದ ವಾಲ್‌ಮಾರ್ಟ್ ಹೆಲ್ತ್, ಲಾಭ ಇಲ್ಲ ಅಂತ 2024ರಲ್ಲಿ ತನ್ನ 51 ಕ್ಲಿನಿಕ್‌ಗಳನ್ನೂ ಮುಚ್ಚುವುದಾಗಿ ಹೇಳಿತು. ಅದನ್ನೇ ನಂಬಿಕೊಂಡಿದ್ದವರು ಹೊಸ ಡಾಕ್ಟರ್ ಹುಡುಕಬೇಕಾಯಿತು.

ದುಡ್ಡು ಉಳಿಯುತ್ತದಾ ಅಂತಲೂ ಕೇಳಿದ್ದೀರಿ. ಒಂದು ಸಲದ ಲೆಕ್ಕದಲ್ಲಿ ಉಳಿಯುತ್ತದೆ, ಎಮರ್ಜೆನ್ಸಿಗೆ ಹೋಲಿಸಿದರಂತೂ ತುಂಬಾ. ಆದರೆ 2016ರಲ್ಲಿ ಬಂದ ಒಂದು ಅಧ್ಯಯನದ ಪ್ರಕಾರ ಸಣ್ಣ ಕಾಯಿಲೆಗೆ ಇಲ್ಲಿಗೆ ಬಂದ ಭೇಟಿಗಳಲ್ಲಿ 58% ಹೊಸವು. ಅಂದರೆ ಕ್ಲಿನಿಕ್ ಇಲ್ಲದಿದ್ದರೆ ಆ ಜನ ಡಾಕ್ಟರ್ ಹತ್ತಿರ ಹೋಗುತ್ತಲೇ ಇರಲಿಲ್ಲ. ಹತ್ತಿರ ಇದೆ ಅಂತ ಪ್ರತಿ ನೆಗಡಿಗೂ ಸುಮ್ನೆ ಹೋದರೆ ಉಳಿತಾಯ ಎಲ್ಲಿಂದ ಬರಬೇಕು?

ಡಾಕ್ಟರನ್ನು ಆರೋಗ್ಯವಾಗಿರುವಾಗಲೇ ಹುಡುಕಿ. 2022ರ ಒಂದು ಸಮೀಕ್ಷೆಯಲ್ಲಿ 15 ದೊಡ್ಡ ನಗರಗಳಲ್ಲಿ ಹೊಸ ರೋಗಿಗೆ ಫ್ಯಾಮಿಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಸಿಗಲು ಸರಾಸರಿ ಸುಮಾರು 21 ದಿನ ಬೇಕಾಗಿತ್ತು. ಇನ್ಶೂರೆನ್ಸ್ ವೆಬ್‌ಸೈಟಲ್ಲಿ ಇನ್-ನೆಟ್‌ವರ್ಕ್ ಪಟ್ಟಿ (ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರುವ ಡಾಕ್ಟರ್‌ಗಳ ಪಟ್ಟಿ) ನೋಡಿ. ಆಮೇಲೆ ಫೋನ್ ಮಾಡಿ, ಹೊಸಬರನ್ನು ತೆಗೆದುಕೊಳ್ಳುತ್ತೀರಾ ಅಂತ ಕೇಳಿ. ಆ ಪಟ್ಟಿಗಳು ಎಷ್ಟೋ ಸಲ ಹಳೆಯವು. ನಿಮ್ಮದು ಎಚ್‌ಎಂಒ (ಸಾಮಾನ್ಯವಾಗಿ ತನ್ನ ನೆಟ್‌ವರ್ಕ್ ಡಾಕ್ಟರ್‌ಗಳಿಗೆ ಮಾತ್ರ ದುಡ್ಡು ಕೊಡುವ ಇನ್ಶೂರೆನ್ಸ್) ಪ್ಲಾನ್ ಆದರೆ ಸ್ಪೆಷಲಿಸ್ಟ್ ಹತ್ತಿರ ಹೋಗಲು ಸಾಮಾನ್ಯವಾಗಿ ನಿಮ್ಮ ಪ್ರೈಮರಿ ಕೇರ್ ಡಾಕ್ಟರ್ ಬರೆದುಕೊಡುವ ರೆಫರಲ್ ಬೇಕು.

ಮೊದಲ ಭೇಟಿಗೆ ವರ್ಷದ ಫಿಸಿಕಲ್ (ಆರೋಗ್ಯ ತಪಾಸಣೆ) ಅಂತಲೇ ಬುಕ್ ಮಾಡಿ. ಹೆಚ್ಚಿನ ಕಂಪನಿ ಪ್ಲಾನ್‌ಗಳಲ್ಲಿ ಇನ್-ನೆಟ್‌ವರ್ಕ್ ಆದರೆ ಅದಕ್ಕೆ ದುಡ್ಡಿಲ್ಲ. ಹೋದಾಗ ಮಂಡಿನೋವು, ತಲೆನೋವು ಅಂತ ಬೇರೆ ವಿಷಯ ತೆಗೆದರೆ ಮಾತ್ರ ಅದಕ್ಕೆ ಬೇರೆ ಬಿಲ್ ಬರಬಹುದು. ಅಲ್ಲೇ ಕೇಳಿಕೊಳ್ಳಿ.